ಅಪ್ಪ ಹೊಡೆದದ್ದು ಅವ್ವನನ್ನು. ನಡುಕ ನನ್ನಲ್ಲೇಕೆ ಉಳಿಯಿತು?

ಪ್ರಶ್ನೆ: ನನಗೆ 36 ವರ್ಷ. ಊರು ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ತಂದೆ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಕುಡಿದು ಬಂದ ರಾತ್ರಿಗಳಲ್ಲಿ ಅವ್ವನನ್ನು ಹೊಡೆಯುತ್ತಿದ್ದರು. ಕುಡಿಯದ ದಿನವೂ ಹೊಡೆದದ್ದುಂಟು. ನನಗೆ ಬಿದ್ದ ಪೆಟ್ಟು ಕಡಿಮೆ. ಅವರ ಲೂನಾ ಓಣಿಯ ತಿರುವಿಗೆ ಬಂದಾಗಿನ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತದೆಂದು ತಿಳಿದುಬಿಡುತ್ತಿತ್ತು. ತಂಗಿಯ ಕೈಹಿಡಿದು ಮಾಳಿಗೆ ಹತ್ತುತ್ತಿದ್ದೆ. ಈಗಲೂ ರಾತ್ರಿ ಮನೆಯ ಮುಂದೆ ಗಾಡಿ ನಿಂತರೆ ಎದೆ ಡವಡವ ಎನ್ನುತ್ತದೆ. ಇಸಿಜಿ, ಎಕೋ, ಎಂಡೋಸ್ಕೋಪಿ ಎಲ್ಲವೂ ನಾರ್ಮಲ್. ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಳಿಂದ ನಡೆದಿದೆ. ಹೆಂಡತಿಯ ಮೇಲೆ ಎಂದೂ ಕೈಮಾಡಿಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತೇನೆ, ಕೆಲವೊಮ್ಮೆ ನಾಲ್ಕೈದು ದಿನ. ಕಳೆದ ತಿಂಗಳು ಐದು ವರ್ಷದ ಮಗಳು ನಾನು ತಿದ್ದುತ್ತಿದ್ದ ಉತ್ತರ ಪತ್ರಿಕೆಗಳ ಮೇಲೆ ಹಾಲು ಚೆಲ್ಲಿದಳು. ನನ್ನ ಕೈ ಮೇಲೆದ್ದಿತು. ಹೊಡೆಯಲಿಲ್ಲ, ಆದರೆ ಅವಳು ಎರಡೂ ಮೊಣಕೈಗಳನ್ನು ಮುಖಕ್ಕೆ ಅಡ್ಡ ಹಿಡಿದಳು. ಚಿಕ್ಕಂದಿನಲ್ಲಿ ನಾನು ಹಿಡಿಯುತ್ತಿದ್ದದ್ದು ಹಾಗೆಯೇ. ಅದನ್ನು ಅವಳಿಗೆ ಯಾರೂ ಕಲಿಸಿಲ್ಲ. ಎರಡು ವರ್ಷದ ಹಿಂದೆ ತಂದೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ನಮ್ಮ ಮನೆಯಲ್ಲೇ ಇದ್ದಾರೆ. ಸ್ನಾನ ಮಾಡಿಸುವಾಗ ಆ ಕೈಯನ್ನು ಎತ್ತಿ ಹಿಡಿದು ಸೋಪು ಹಚ್ಚಬೇಕು, ಆಗ ನನಗೆ ಮೈಯೆಲ್ಲ ಬೆವರುತ್ತದೆ. ಅವ್ವನಿಗೆ ಹೇಳಿದರೆ, ‘ಹೊಡಿಸ್ಕೊಂಡಾಕಿ ನಾನು, ನನಗ ಇಲ್ಲದ ಸಿಟ್ಟು ನಿನಗ್ಯಾಕಪಾ?’ ಎನ್ನುತ್ತಾಳೆ. ಆಗ ಅವಳ ಮೇಲೆಯೇ ಸಿಟ್ಟು ಬರುತ್ತದೆ. ಸಿರುಗುಪ್ಪದ ಕಡೆ ಕೊಟ್ಟಿರುವ ತಂಗಿಯೂ ಈಗ ಗಂಡನಿಂದ ಪೆಟ್ಟು ತಿನ್ನುತ್ತಿದ್ದಾಳೆ, ‘ನಮ್ಮ ಹಣೇಬರಾನ ಹಿಂಗೈತಿ’ ಎನ್ನುತ್ತಾಳೆ. ಬರೀ ನೋಡಿದ್ದರಿಂದ ಇಷ್ಟು ಹಾನಿಯಾಗುತ್ತದೆಯೇ? ಇದು ರಕ್ತದಲ್ಲಿ ಬರುವುದೇ? ನಾನೂ ಅಪ್ಪನಂತಾಗುತ್ತೇನೆಯೇ? ಅವರನ್ನು ಕ್ಷಮಿಸದೆ ಇದು ಹೋಗುವುದಿಲ್ಲವೇ? ಬೆಂಗಳೂರಿಗೇ ಹೋಗಬೇಕೇ, ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ತಿನ್ನಬೇಕೇ?
— ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ನೀವು ಹಲವು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ಅವೆಲ್ಲವುಗಳ ಹಿಂದಿರುವ ಭಯ ಒಂದೇ: ತಂದೆಯ ಮನೆಯಲ್ಲಿ ನಡೆದದ್ದು ಈಗ ನಿಮ್ಮ ಮನೆಯಲ್ಲಿ, ನಿಮ್ಮ ಕೈಯಿಂದಲೇ ಮತ್ತೆ ನಡೆಯುತ್ತದೆಯೇ ಎಂಬುದು. ಅದಕ್ಕೆ ವಿವರವಾಗಿ ಬರುತ್ತೇನೆ. ಅದಕ್ಕೂ ಮೊದಲು, ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿರುವ ತಂಗಿಯ ವಿಷಯವನ್ನು ಎತ್ತಿಕೊಳ್ಳಬೇಕು. ನಿಮ್ಮದು ಮುಗಿದುಹೋದ ಹಿಂಸೆಯ ಪರಿಣಾಮ. ಅವರದು ಇಂದು ರಾತ್ರಿಯೂ ನಡೆಯಬಹುದಾದ ಹಿಂಸೆ.

ಅವರ ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು, ಸಾಧ್ಯವಾದರೆ ಎದುರಿಗೆ ಕುಳಿತು ತಂಗಿಯೊಂದಿಗೆ ಮಾತನಾಡಿ. ಕುತ್ತಿಗೆ ಹಿಸುಕಿದ್ದಾನೆಯೇ, ಕೊಲ್ಲುವುದಾಗಿ ಬೆದರಿಸಿದ್ದಾನೆಯೇ, ಇತ್ತೀಚೆಗೆ ಹೊಡೆತ ಹೆಚ್ಚಾಗಿದೆಯೇ, ಅವರೇ ಸಾಯುವ ಮಾತನ್ನಾಡುತ್ತಿದ್ದಾರೆಯೇ ಎಂದು ನೇರವಾಗಿ ಕೇಳಿ. ಇವುಗಳಲ್ಲಿ ಕುತ್ತಿಗೆ ಹಿಸುಕುವುದನ್ನು ನಮ್ಮ ವೈದ್ಯವೃತ್ತಿಯಲ್ಲಿ ಜೀವಾಪಾಯದ ಸೂಚನೆಯೆಂದೇ ಪರಿಗಣಿಸುತ್ತೇವೆ, ಮೈಮೇಲೆ ಗಾಯ ಕಾಣದಿದ್ದರೂ ಸರಿ. ತುರ್ತಿದ್ದರೆ 112, ಸಲಹೆಗೆ, ಆಶ್ರಯಕ್ಕೆ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳಾಗಿಯೂ ಕೆಲಸ ಮಾಡುತ್ತಾರೆ. ಗಂಡನ ಮನೆಯಿಂದ ಹೊರಹಾಕದಂತೆ, ಹತ್ತಿರ ಬರದಂತೆ, ಜೀವನಾಂಶ ಕೊಡುವಂತೆ ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಬಹುದು. ಮಹಿಳೆಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ದೊರೆಯುತ್ತದೆ. ನಾಲ್ಕು ಹಿರಿಯರನ್ನು ಕರೆದುಕೊಂಡು ಹೋಗಿ ಅಳಿಯನಿಗೆ ಬುದ್ಧಿ ಹೇಳಿ ಬರುವುದು ನಮ್ಮ ಕಡೆಯ ರೂಢಿ. ನೀವೆಲ್ಲ ಊಟ ಮಾಡಿ ಹಿಂದಿರುಗಿದ ಆ ರಾತ್ರಿ ಮನೆಯಲ್ಲಿ ಉಳಿಯುವವರು ತಂಗಿ ಒಬ್ಬರೇ ಎಂಬುದನ್ನು ಯೋಚಿಸಿ ಹೆಜ್ಜೆಯಿಡಿ. ಮನೆ ಬಿಟ್ಟು ಹೊರಡುವ ಸಮಯದಲ್ಲಿಯೂ ಅಪಾಯ ಹೆಚ್ಚು, ಆದ್ದರಿಂದ ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪತ್ರಗಳ ಪ್ರತಿಗಳು ಮೊದಲೇ ನಿಮ್ಮ ಬಳಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಯಾವ ಹೊತ್ತಿನಲ್ಲಿ ಬಂದರೂ ಬಾಗಿಲು ತೆರೆದಿರುತ್ತದೆ’ ಎಂಬ ಮಾತನ್ನು ಅಣ್ಣನಾದ ನೀವು ಬಾಯಿಬಿಟ್ಟು ಹೇಳಿ. ಅವರು ಅದನ್ನು ಊಹಿಸಿಕೊಳ್ಳಲಿ ಎಂದು ಬಿಡಬೇಡಿ.

ಇನ್ನು ನಿಮ್ಮ ವಿಷಯ. ಬರೀ ನೋಡಿದ್ದರಿಂದ ಹಾನಿಯಾಗುತ್ತದೆಯೇ ಎಂದರೆ, ಆಗುತ್ತದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಪಂಚಾಯಿತಿ ಕಟ್ಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಆ ಜಗಳದಲ್ಲಿ ‘ಕೂಸು ಬಡವಾಯ್ತು’ ಎಂಬ ಇನ್ನೊಂದು ಗಾದೆಯೂ ಅದೇ ಜನರ ಬಾಯಲ್ಲಿದ್ದರೂ ಕಟ್ಟೆಯ ಮೇಲೆ ಅದನ್ನು ಯಾರೂ ನೆನೆಯುವುದಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರನ್ನು ಬಾಲ್ಯದ ಕಹಿ ಅನುಭವಗಳ ಬಗ್ಗೆ ಕೇಳಿದರು. 1998ರಲ್ಲಿ ಅವರು ಪ್ರಕಟಿಸಿದ ಮೊದಲ ವರದಿಯಲ್ಲಿಯೇ ತಾಯಿಯ ಮೇಲೆ ನಡೆಯುವ ಹಲ್ಲೆಯನ್ನು ಕಂಡು ಬೆಳೆಯುವುದು, ಮಗುವಿನ ಮೇಲೆಯೇ ನಡೆಯುವ ಹಲ್ಲೆಯ ಜೊತೆಗೆ, ಒಂದು ಪ್ರತ್ಯೇಕ ವರ್ಗವಾಗಿತ್ತು. ಇಂಥ ಅನುಭವಗಳ ಸಂಖ್ಯೆ ಹೆಚ್ಚಿದಂತೆಲ್ಲ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಆತ್ಮಹತ್ಯೆಯ ಯತ್ನ ಮಾತ್ರವಲ್ಲ, ಹೃದಯದ ಕಾಯಿಲೆಯೂ ಹೆಚ್ಚುತ್ತಾ ಹೋಗುವುದು ಅಲ್ಲಿ ಕಂಡುಬಂತು. ಈ ಲೆಕ್ಕವನ್ನು ಅಂತರ್ಜಾಲದಲ್ಲಿ ನೋಡಿ, ಒಂದೊಂದು ಬಗೆಯ ಅನುಭವಕ್ಕೆ ಒಂದರಂತೆ ತಮಗೆ ತಾವೇ ಅಂಕ ಹಾಕಿಕೊಂಡು, ‘ಸಾರ್, ನನಗೆ ಆರು ಬಂದಿದೆ, ನನ್ನ ಆಯುಷ್ಯ ಇಷ್ಟೇ ಏನು?’ ಎಂದು ಹೆದರಿ ಬರುವವರಿದ್ದಾರೆ. ಅದು ಸಮುದಾಯದ ಲೆಕ್ಕ. ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಅದನ್ನು ಬಳಸಬಾರದೆಂದು ಆಂಡಾ ಅವರೇ ಮುಂದೆ ಬರೆದಿದ್ದಾರೆ.

ನೀವು ಒಬ್ಬರೇ ಅಲ್ಲವೆಂಬುದಕ್ಕೂ ಲೆಕ್ಕವಿದೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಮಹಿಳೆಯರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ; ದೇಶದ ಸರಾಸರಿ ನೂರಕ್ಕೆ 29. ಆ ಮನೆಗಳಲ್ಲಿರುವ ಮಕ್ಕಳು ಈ ಅಂಕಿಯಲ್ಲಿ ಸೇರಿಲ್ಲ. ಅವರೇ ಮೂವತ್ತು, ನಲವತ್ತರ ವಯಸ್ಸಿನಲ್ಲಿ ತಲೆನೋವು, ಎದೆನೋವು, ನಿದ್ರೆಯಿಲ್ಲ, ಗ್ಯಾಸ್ಟ್ರಿಕ್ ಎಂದು ರಾಯಚೂರಿನ, ಬಳ್ಳಾರಿಯ ಹೊರರೋಗಿ ವಿಭಾಗಗಳಲ್ಲಿ ಚೀಟಿ ಹಿಡಿದು ನಿಲ್ಲುತ್ತಾರೆ. ಬಾಲ್ಯದ ಬಗ್ಗೆ ಅವರನ್ನು ಕೇಳುವವರು ಕಡಿಮೆ, ಕೇಳಿದಾಗ ‘ಎಲ್ಲರ ಮನಿಯಾಗೂ ಇರೂದ ಅಲ್ಲೇನ್ರಿ’ ಎಂದು ನಕ್ಕು ಬಿಡುವವರೇ ಹೆಚ್ಚು.

ನಿಮ್ಮ ದೇಹದಲ್ಲಿ ನಡೆಯುತ್ತಿರುವುದನ್ನು ಸರಳವಾಗಿ ಹೇಳುತ್ತೇನೆ. ಅಪಾಯವನ್ನು ಗುರುತಿಸುವ ಕೆಲಸ ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಂಬ ಪುಟ್ಟ ಭಾಗದ್ದು. ಅದು ಯೋಚಿಸುವುದಿಲ್ಲ, ಹಿಂದೆ ಯಾವ ಸದ್ದಿನ ಬೆನ್ನಿಗೆ ಏನಾಯಿತೆಂಬುದನ್ನು ಜೋಡಿಸಿಟ್ಟುಕೊಂಡು, ಅದೇ ಸದ್ದು ಮತ್ತೆ ಕೇಳಿದ ಕ್ಷಣದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಹರಿಸುತ್ತದೆ. ಎದೆ ವೇಗವಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಹೊಟ್ಟೆಯ ಪಚನ ನಿಧಾನವಾಗುತ್ತದೆ. ‘ಇದು ಪಕ್ಕದ ಮನೆಯವರ ಗಾಡಿ, ಸುಮ್ಮನಿರು’ ಎಂದು ತಡೆಯಬೇಕಾದ್ದು ಹಣೆಯ ಹಿಂದಿನ ಮುಂಭಾಗದ ಮಿದುಳು. ಅದು ಪೂರ್ಣವಾಗಿ ಬೆಳೆಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹಾಗಾಗಿ ಎಂಟು ವರ್ಷದ ಹುಡುಗ ಲೂನಾದ ಸದ್ದಿನಿಂದ ರಾತ್ರಿಯ ಹವೆಯನ್ನು ಅಳೆಯುವುದನ್ನು ಕಲಿತಾಗ, ಅದನ್ನು ಕಲಿತದ್ದು ಅವನ ಬುದ್ಧಿಯಲ್ಲ, ಅವನ ದೇಹ. ಆ ಕಲಿಕೆ ಅಂದು ನಿಮ್ಮನ್ನೂ ತಂಗಿಯನ್ನೂ ಮಾಳಿಗೆಗೆ ತಲುಪಿಸಿ ಉಳಿಸಿತು. ಈಗ ಅಪಾಯವಿಲ್ಲ, ಆದರೆ ಇಲ್ಲವೆಂಬ ಸುದ್ದಿ ಆ ಭಾಗಕ್ಕೆ ಇನ್ನೂ ಮುಟ್ಟಿಲ್ಲ. ಇಸಿಜಿ ನಾರ್ಮಲ್ ಬಂದದ್ದು ನಿಮ್ಮ ತೊಂದರೆ ಸುಳ್ಳೆಂಬುದಕ್ಕೆ ಸಾಕ್ಷಿಯಲ್ಲ. ಹೃದಯ ಚೆನ್ನಾಗಿದೆ, ಅದನ್ನು ಓಡಿಸುತ್ತಿರುವ ಆಜ್ಞೆ ಬೇರೆಡೆಯಿಂದ ಬರುತ್ತಿದೆ ಎಂದಷ್ಟೇ ಅರ್ಥ.

ತಂದೆಯ ಕೈಗೆ ಸೋಪು ಹಚ್ಚುವಾಗ ಬೆವರುವುದೂ ಇದೇ. ಆ ಕೈಯಲ್ಲಿ ಈಗ ಬಲವಿಲ್ಲವೆಂಬುದು ನಿಮಗೆ ಗೊತ್ತು. ಅದರ ಆಕಾರ, ವಾಸನೆ, ಸ್ಪರ್ಶ ಮಾತ್ರ ಹಳೆಯವೇ ಆಗಿ ಉಳಿದಿವೆ.

‘ರಕ್ತದಲ್ಲಿ ಬರುತ್ತದೆ’ ಎಂಬ ಮಾತಿಗೆ ಬರೋಣ. ಬೇಗ ಸಿಟ್ಟಾಗುವ ಸ್ವಭಾವದಲ್ಲಿ ಅನುವಂಶೀಯತೆಯ ಪಾಲಿರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೆಂಡತಿಯನ್ನು ಹೊಡೆಯುವ ವಂಶವಾಹಿ ಎಂಬುದೊಂದಿಲ್ಲ. ಗಿರಣಿಯ ಮಾಲೀಕ ಬೈದಾಗ ತಲೆತಗ್ಗಿಸಿ ನಿಲ್ಲುವ ಮನುಷ್ಯ ಮನೆಗೆ ಬಂದು ಕೈಯೆತ್ತುತ್ತಾನೆಂದರೆ, ಯಾರ ಮೇಲೆ ಎತ್ತಬಹುದು, ಯಾರ ಮೇಲೆ ಎತ್ತಬಾರದು ಎಂಬುದು ಅವನಿಗೆ ಚೆನ್ನಾಗಿಯೇ ತಿಳಿದಿದೆ. ಕುಡಿತವೇ ಕಾರಣವೆನ್ನುವುದೂ ಅರ್ಧಸತ್ಯ. ಕುಡಿತ ಪೆಟ್ಟನ್ನು ಹೆಚ್ಚಿಸುತ್ತದೆ, ನಿಜ. ಕುಡಿಯದ ದಿನವೂ ಹೊಡೆದದ್ದುಂಟೆಂದು ನೀವೇ ಬರೆದಿದ್ದೀರಿ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ಹೊಡೆತವೂ ನಿಲ್ಲುತ್ತದೆಂದು ನಂಬಿದ ಎಷ್ಟೋ ತಾಯಂದಿರು ಮುಂದೆ ಅದೇ ಗಾಯಗಳೊಂದಿಗೆ ನನ್ನೆದುರು ಕುಳಿತಿದ್ದಾರೆ.

ನೀವು ತಂದೆಯಂತಾಗುತ್ತೀರಾ? ಹಿಂಸೆಯ ಮನೆಯಲ್ಲಿ ಬೆಳೆದವರಲ್ಲಿ ಆ ಸಾಧ್ಯತೆ ಉಳಿದವರಿಗಿಂತ ಹೆಚ್ಚು; ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಹೆಚ್ಚು ಎಂದರೆ ಖಚಿತ ಎಂದಲ್ಲ. ಯೇಲ್ ವಿಶ್ವವಿದ್ಯಾಲಯದ ಜೋನ್ ಕೌಫ್‌ಮನ್ ಮತ್ತು ಎಡ್ವರ್ಡ್ ಝಿಗ್ಲರ್ 1987ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒರೆಗೆ ಹಚ್ಚಿ, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರಲ್ಲಿ ತಮ್ಮ ಮಕ್ಕಳ ಮೇಲೆ ಅದನ್ನೇ ಮುಂದುವರಿಸುವವರು ನೂರಕ್ಕೆ ಸುಮಾರು 30 ಮಂದಿ ಎಂದು ಅಂದಾಜಿಸಿದರು. ಅಂದರೆ ಬಹುಪಾಲು ಜನ ಮುಂದುವರಿಸುವುದಿಲ್ಲ. ಮರುವರ್ಷ ಮಿನ್ನೆಸೋಟಾದ ಬೈರನ್ ಈಗೆಲ್ಯಾಂಡ್ ಮತ್ತು ಸಂಗಡಿಗರು, ದೌರ್ಜನ್ಯ ಉಂಡು ಬೆಳೆದರೂ ತಮ್ಮ ಮಕ್ಕಳನ್ನು ಹೊಡೆಯದೆ ಸಾಕುತ್ತಿದ್ದ ತಾಯಂದಿರಲ್ಲಿ ಏನು ಭಿನ್ನವಿದೆಯೆಂದು ನೋಡಿದರು. ಬಾಲ್ಯದಲ್ಲಿ ಅಕ್ಕರೆ ತೋರಿದ ಒಬ್ಬ ಹಿರಿಯರು, ಯಾವಾಗಲಾದರೂ ಪಡೆದ ಮನೋಚಿಕಿತ್ಸೆ, ಸ್ಥಿರವಾಗಿ ಜೊತೆಗಿರುವ ಸಂಗಾತಿ: ಇವು ಆ ತಾಯಂದಿರಲ್ಲಿ ಹೆಚ್ಚಾಗಿ ಕಂಡವು. ನಿಮ್ಮ ಬಾಲ್ಯದಲ್ಲಿ ಅಂಥ ಅಜ್ಜಿಯೋ, ಸೋದರಮಾವನೋ, ಮೇಷ್ಟರೋ ಇದ್ದರೇ ಎಂದು ನನಗೆ ತಿಳಿಯದು. ಸಂಗಾತಿ ಇದ್ದಾರೆ, ಚಿಕಿತ್ಸೆ ನಿಮ್ಮ ಕೈಯಲ್ಲಿದೆ.

ಮಗಳು ಮೊಣಕೈ ಅಡ್ಡ ಹಿಡಿದದ್ದನ್ನು ನೀವು ವಂಶದ ಗುರುತೆಂಬಂತೆ ಓದಿದ್ದೀರಿ. ಮುಖದ ಮುಂದೆ ಕೈ ಮೇಲೆದ್ದರೆ ಯಾವ ಮಗುವೂ ಹಾಗೆಯೇ ಮಾಡುತ್ತದೆ. ಅದು ದೇಹದ ಸಹಜ ರಕ್ಷಣೆ, ಕಲಿಸಬೇಕಾಗಿಲ್ಲ. ಆದರೂ ವೈದ್ಯನಾಗಿ ಇನ್ನೊಂದು ಪ್ರಶ್ನೆಯನ್ನು ಬಿಡಲಾರೆ: ಅವಳನ್ನು ಬೇರೆ ಯಾರಾದರೂ ಹೊಡೆಯುತ್ತಿದ್ದಾರೆಯೇ? ಶಾಲೆಯಲ್ಲಿ, ಟ್ಯೂಷನ್ನಿನಲ್ಲಿ, ಮನೆಯಲ್ಲಿ ನೀವಿಲ್ಲದ ಹೊತ್ತಿನಲ್ಲಿ? ಆಟದ ನಡುವೆ, ವಿಚಾರಣೆಯಂತೆ ಕಾಣದಂತೆ ಕೇಳಿ ತಿಳಿದುಕೊಳ್ಳಿ. ಅಂದಿನ ಘಟನೆಯ ಬಗ್ಗೆಯೂ ಈಗ ಮಾತನಾಡಬಹುದು, ತಿಂಗಳಾಯಿತೆಂದು ಸುಮ್ಮನಾಗಬೇಡಿ. ಅವಳ ಎತ್ತರಕ್ಕೆ ಕುಳಿತು, ‘ಅವತ್ತು ಹಾಲು ಚೆಲ್ಲಿದಾಗ ಅಪ್ಪ ಕೈ ಎತ್ತಿದ್ದು ತಪ್ಪು, ನಿನಗೆ ಹೆದರಿಕೆ ಆಯ್ತು, ಅಪ್ಪ ನಿನ್ನ ಹೊಡಿಯೋದಿಲ್ಲ’ ಎಂದರೆ ಸಾಕು. ‘ನೀನು ಹಾಲು ಚೆಲ್ಲಿದ್ದಕ್ಕೆ ಅಲ್ಲವೇ’ ಎಂಬ ಬಾಲ ಅದಕ್ಕೆ ಅಂಟಬಾರದು. ಹೊಡೆಸಿಕೊಂಡ ಮಕ್ಕಳನ್ನು ಗಾಯಕ್ಕಿಂತ ಆಳವಾಗಿ ಕಾಡುವುದು ಇದು ತಮ್ಮಿಂದಲೇ ಆಯಿತೆಂಬ ಭಾವನೆ, ಅದನ್ನು ದೊಡ್ಡವರು ತಮ್ಮ ಬಾಯಿಂದಲೇ ತೆಗೆದುಹಾಕಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಎತ್ತಿದ ಕೈಗಿಂತ ನಾಲ್ಕೈದು ದಿನಗಳ ಮೌನ. ಹೊಡೆಯುವ ಬದಲು ಮಾತು ಬಿಡುವುದನ್ನು ನೀವು ಸಂಯಮವೆಂದು ಎಣಿಸಿದ್ದೀರಿ, ಮತ್ತು ನೀವು ಬೆಳೆದ ಮನೆಯನ್ನು ನೆನೆದರೆ ಆ ಎಣಿಕೆ ನನಗೆ ಅರ್ಥವಾಗುತ್ತದೆ. ಮಾತಾಡಿದರೆ ಅಪ್ಪನ ದನಿ ಹೊರಬಂದೀತೆಂಬ ಹೆದರಿಕೆಯಿಂದ ಬಾಯಿ ಕಟ್ಟಿಕೊಳ್ಳುವ ಗಂಡಸರನ್ನು, ಅದರಲ್ಲೂ ಇಂಥ ಮನೆಗಳ ಹಿರಿಯ ಮಕ್ಕಳನ್ನು, ನಾನು ಬಹಳ ಮಂದಿ ಕಂಡಿದ್ದೇನೆ. ಆದರೆ ಮನೆಯ ಉಳಿದವರ ಕಡೆಯಿಂದ ನೋಡಿ. ಹೆಂಡತಿ ತಟ್ಟೆ ತಂದಿಡುತ್ತಾರೆ, ನೀವು ಮುಖ ನೋಡದೆ ಉಣ್ಣುತ್ತೀರಿ. ಮಗಳು ಅಮ್ಮನ ಮುಖ ನೋಡಿ, ಆಮೇಲೆ ನಿಮ್ಮ ಮುಖ ನೋಡಿ, ಇವತ್ತು ಮಾತನಾಡಬಹುದೇ ಬೇಡವೇ ಎಂದು ಅಳೆಯುತ್ತಾಳೆ. ಓಣಿಯ ತಿರುವಿನ ಸದ್ದನ್ನು ನೀವು ಅಳೆದಂತೆಯೇ ಅವಳು ಚಪ್ಪಲಿ ಬಿಡುವ ಸದ್ದನ್ನು ಅಳೆಯುವುದನ್ನು ಕಲಿಯಬಹುದು. ಹೊಡೆತವಿಲ್ಲದ ಮನೆಯಲ್ಲಿಯೂ ಮಗುವಿನ ದೇಹ ಕಾವಲು ಕಾಯುವುದನ್ನು ಹೀಗೆ ಕಲಿಯುತ್ತದೆ.

ಸಿಟ್ಟು ಬಂದಾಗ ಆ ಜಾಗದಿಂದ ಎದ್ದುಹೋಗುವುದು ಒಳ್ಳೆಯದೇ. ಮೌನಕ್ಕೂ ಬಿಡುವಿಗೂ ಇರುವ ಅಂತರ ಒಂದು ವಾಕ್ಯದ್ದು ಮತ್ತು ಒಂದು ಗಡಿಯಾರದ್ದು. ದವಡೆ ಬಿಗಿಯುತ್ತಿದೆ, ಅಂಗೈ ಬಿಸಿಯಾಗುತ್ತಿದೆ ಎಂದು ತಿಳಿದ ತಕ್ಷಣ, ‘ನನಗೀಗ ಸಿಟ್ಟು ಬಂದೈತಿ, ಅರ್ಧ ತಾಸು ಬಿಟ್ಟು ಬರ್ತೀನಿ’ ಎಂದು ಹೇಳಿ ಹೊರಡಿ. ಅರ್ಧ ತಾಸು ನಡೆದು ಬನ್ನಿ. ಬೈಕ್ ಹತ್ತಬೇಡಿ, ಬಾರಿನ ಕಡೆ ತಿರುಗಬೇಡಿ. ಹೇಳಿದ ಹೊತ್ತಿಗೆ ಸರಿಯಾಗಿ ಹಿಂದಿರುಗಿ, ಮಾತು ಬಗೆಹರಿಯದಿದ್ದರೂ ಪರವಾಗಿಲ್ಲ, ಬಂದೆನೆಂದು ಹೇಳಿ ಕುಳಿತುಕೊಳ್ಳಿ. ಈ ಒಪ್ಪಂದವನ್ನು ಶಾಂತವಾಗಿರುವ ದಿನ ಹೆಂಡತಿಯೊಂದಿಗೆ ಮೊದಲೇ ಮಾಡಿಕೊಂಡಿರಬೇಕು. ಮೊದಲ ಕೆಲವು ಸಲ ಇದು ನಾಟಕದಂತೆ ಅನ್ನಿಸುತ್ತದೆ. ಬಿಡದೆ ಮಾಡಿದವರ ಮನೆಗಳಲ್ಲಿ ನಾಲ್ಕು ದಿನದ ಮೌನ ಒಂದು ಸಂಜೆಗೆ ಇಳಿದದ್ದನ್ನು ನೋಡಿದ್ದೇನೆ.

ಅವ್ವನ ಮೇಲೆ ಬರುವ ಸಿಟ್ಟಿನ ಬಗ್ಗೆ ನೀವು ನಾಚಿಕೆಯಿಂದ ಬರೆದಿದ್ದೀರಿ. ನಾಚಬೇಕಾಗಿಲ್ಲ. ಹೊಡೆದ ತಂದೆಗಿಂತ ಹೊಡೆಸಿಕೊಂಡು ಉಳಿದ ತಾಯಿಯ ಮೇಲೆ ಹೆಚ್ಚು ಸಿಟ್ಟಿರುವುದು ನನ್ನ ಬಳಿ ಬರುವವರಲ್ಲಿ ಅಪರೂಪವೇ ಅಲ್ಲ. ಅದಕ್ಕೆ ಕಾರಣವೂ ಇದೆ. ಮಗು ತಂದೆಯಿಂದ ಅಂದು ಏನನ್ನೂ ನಿರೀಕ್ಷಿಸುತ್ತಿರಲಿಲ್ಲ. ನಮ್ಮನ್ನು ಕಟ್ಟಿಕೊಂಡು ಎಲ್ಲಿಗಾದರೂ ಹೊರಟುಬಿಡಲಿ ಎಂದು ಅದು ಬೇಡಿಕೊಂಡದ್ದು ತಾಯಿಯನ್ನು. ಆ ಬೇಡಿಕೆ ಈಡೇರಲಿಲ್ಲ. ಆ ಮಗುವಿನ ದೂರು ನ್ಯಾಯವಾದದ್ದೇ. ಇನ್ನೊಂದು ಕಡೆ, ಎರಡು ಮಕ್ಕಳೊಂದಿಗೆ, ಕೈಯಲ್ಲಿ ಕೂಲಿಯ ದುಡ್ಡೂ ನಿಲ್ಲದ ಹೆಣ್ಣುಮಗಳೊಬ್ಬಳು ಮೂವತ್ತು ವರ್ಷದ ಹಿಂದೆ ಎಲ್ಲಿಗೆ ಹೋಗಬಹುದಿತ್ತು? ತವರಿಗೆ ಹೋದರೆ ನಾಲ್ಕನೇ ದಿನ ತಿರುಗಿ ಕಳಿಸುತ್ತಿದ್ದರು. ನಾನು ಆಗಲೇ ಹೇಳಿದ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಈ ಎರಡೂ ಒಟ್ಟಿಗೆ ನಿಜ, ಒಂದನ್ನು ಒಪ್ಪಲು ಇನ್ನೊಂದನ್ನು ಸುಳ್ಳೆನ್ನಬೇಕಾಗಿಲ್ಲ. ‘ನನಗ ಇಲ್ಲದ ಸಿಟ್ಟು’ ಎಂದು ಅವರು ಹೇಳುವಾಗ ನಿಮ್ಮ ನೋವನ್ನು ಹೀಯಾಳಿಸುತ್ತಿದ್ದಾರೆಂದು ನನಗನ್ನಿಸುವುದಿಲ್ಲ. ಆ ಮುಚ್ಚಳ ತೆಗೆದರೆ ಒಳಗಿರುವುದನ್ನು ಹೊರುವುದು ಈ ವಯಸ್ಸಿನಲ್ಲಿ ಅವರಿಗೆ ಕಷ್ಟ. ಆದ್ದರಿಂದ ನಿಮ್ಮ ನೆನಪಿಗೆ ಅವರನ್ನು ಸಾಕ್ಷಿ ಕರೆಯಬೇಡಿ. ತಂಗಿಗೆ ನೆನಪಿರುವುದು ನಿಮ್ಮದಕ್ಕಿಂತ ಬೇರೆಯಾಗಿದ್ದರೂ ಗಾಬರಿಯಾಗಬೇಡಿ. ಒಂದೇ ಮಾಳಿಗೆಯ ಮೇಲೆ ಕುಳಿತ ಇಬ್ಬರು ಮಕ್ಕಳು ಒಂದೇ ರಾತ್ರಿಯನ್ನು ಎರಡು ಬಗೆಯಾಗಿ ನೆನಪಿಟ್ಟುಕೊಳ್ಳುವುದು ಸಾಮಾನ್ಯ.

ಕ್ಷಮೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಗುಣವಾಗಲು ತಂದೆಯನ್ನು ಕ್ಷಮಿಸುವುದು ಷರತ್ತಲ್ಲ. ಮನೆಗೆ ಬರುವ ನೆಂಟರು, ಮಠದ ಹಿರಿಯರು, ಕೆಲವೊಮ್ಮೆ ನಮ್ಮ ವೃತ್ತಿಯವರೂ ಅದನ್ನು ಮೊದಲ ಮೆಟ್ಟಿಲಾಗಿಸುತ್ತಾರೆ. ಅದರಿಂದ ಆಗುವುದು ಇಷ್ಟೇ, ನೋವಿನ ಮೇಲೆ ಅಪರಾಧಿ ಭಾವವೂ ಸೇರಿಕೊಳ್ಳುತ್ತದೆ. ಕ್ಷಮೆ ಮುಂದೆ ಎಂದಾದರೂ ತಾನಾಗಿ ಬಂದರೆ ಬರಲಿ, ಬರದಿದ್ದರೂ ಎದೆಬಡಿತ ತಗ್ಗಬಲ್ಲದು, ನಿದ್ರೆ ಮರಳಬಲ್ಲದು. ತಂದೆಯ ಎದುರು ಕುಳಿತು ‘ಯಾಕೆ ಹೊಡೆದೆ?’ ಎಂದು ಕೇಳಬೇಕೆಂಬ ಆಸೆ ನಿಮ್ಮಲ್ಲಿದ್ದರೆ, ಕೇಳಬೇಡಿ ಎನ್ನಲಾರೆ. ಚಿಕಿತ್ಸೆ ಸ್ವಲ್ಪ ಮುಂದುವರಿದ ಮೇಲೆ, ಉತ್ತರದ ನಿರೀಕ್ಷೆಯಿಲ್ಲದೆ ಕೇಳಿ. ಪಾರ್ಶ್ವವಾಯುವಿನ ನಂತರ ಮಾತು, ನೆನಪು ಎರಡೂ ಕುಂದಿರಬಹುದು. ‘ನಾನೆಲ್ಲಿ ಹೊಡೆದೆ’ ಎಂದೂ ಅನ್ನಬಹುದು, ಸುಮ್ಮನೆ ಅತ್ತುಬಿಡಲೂಬಹುದು. ತಪ್ಪೊಪ್ಪಿಗೆಯನ್ನೇ ಕಾದು ಹೋದವರು ಇನ್ನಷ್ಟು ಕುಸಿದು ಬಂದದ್ದನ್ನು ನೋಡಿದ್ದೇನೆ. ಹೇಳಬೇಕಾದ್ದನ್ನು ಹೇಳುವುದಕ್ಕಷ್ಟೇ ಹೋದವರು ಹಗುರಾಗಿ ಬಂದದ್ದನ್ನೂ ನೋಡಿದ್ದೇನೆ.

ಅವರ ಆರೈಕೆ ಬೇರೆಯೇ ವಿಷಯ. ವೃದ್ಧ ತಂದೆತಾಯಿಯರ ಪೋಷಣೆಯ 2007ರ ಕಾಯ್ದೆ ಮಕ್ಕಳಿಂದ ಕೇಳುವುದು ಅನ್ನ, ಬಟ್ಟೆ, ವಸತಿ, ಔಷಧ; ಪ್ರೀತಿಯನ್ನು ಯಾವ ಕಾನೂನೂ ಕೇಳಿಲ್ಲ. ಕರ್ತವ್ಯವನ್ನು ಪೂರ್ತಿ ಮಾಡುತ್ತಲೇ ಅದರ ರೂಪವನ್ನು ನೀವು ಬದಲಿಸಿಕೊಳ್ಳಬಹುದು. ಸ್ನಾನ ಮಾಡಿಸಲು ದಿನಕ್ಕೊಂದು ತಾಸು ಬರುವ ಆಳನ್ನು ಗೊತ್ತುಮಾಡಿ. ಆಸ್ಪತ್ರೆ, ಮಾತ್ರೆ, ಖರ್ಚು ನಿಮ್ಮದಾಗಲಿ. ಆ ಕೆಲಸ ಅವ್ವನ ಮೇಲೆ ಬೀಳದಂತೆಯೂ ನೋಡಿಕೊಳ್ಳಿ. ಹೊಡೆದ ಕೈಯನ್ನು ತೊಳೆಯುವ ಪಾಳಿ ಅವರಿಗೂ ಬೇಡ, ಅವರು ‘ನಾನ ಮಾಡ್ತೀನಿ ಬಿಡು’ ಎಂದರೂ ಬೇಡ. ಇದನ್ನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ: ಆರೈಕೆ ಮಾಡುವವರ ಒಳಗೆ ಹಳೆಯ ಸಿಟ್ಟು ಕುದಿಯುತ್ತಿರುವಾಗ ಬಿರುಸಾಗಿ ಉಜ್ಜುವುದು, ಊಟ ತಡಮಾಡುವುದು ತಮಗರಿವಿಲ್ಲದೆ ಶುರುವಾಗುತ್ತದೆ. ನೀವು ಅಲ್ಲಿಗೆ ತಲುಪುವ ಮೊದಲೇ ದಾರಿ ಬದಲಿಸುವುದು ಇಬ್ಬರಿಗೂ ಒಳ್ಳೆಯದು.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬಹುದೆಂದು ನಿಮ್ಹಾನ್ಸ್ ತೋರಿಸಿಕೊಟ್ಟದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1985ರಿಂದ 1990ರವರೆಗೆ. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂದು ಕೊಪ್ಪಳ, ರಾಯಚೂರು, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ, ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಗೊತ್ತಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ಮೊದಲು ಬರೀ ಮಾತನಾಡಿ ನೋಡಬೇಕೆನಿಸಿದರೆ 2022ರ ಅಕ್ಟೋಬರ್‌ನಿಂದ ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ; 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ. ಆಘಾತದ ನೆನಪುಗಳಿಗೆಂದೇ ತರಬೇತಾದ ಮನಶ್ಶಾಸ್ತ್ರಜ್ಞರು ನಮ್ಮ ಕಡೆ ಕಡಿಮೆ ಎಂಬುದು ನಿಜ. ಅಗತ್ಯಬಿದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಬೆಂಗಳೂರಿಗಿಂತ ಹತ್ತಿರ. ಶಿಕ್ಷಕನೆಂಬ ಕಾರಣಕ್ಕೆ ಸುದ್ದಿಯಾದೀತೆಂಬ ಅಳುಕಿದ್ದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವುದನ್ನು ನಿಮ್ಮ ಹಕ್ಕಾಗಿಸಿದೆ.

ನಿಮಗಿರುವುದು ಇಂಥದೇ ಕಾಯಿಲೆಯೆಂದು ಪತ್ರ ಓದಿ ಹೆಸರಿಡಲಾರೆ. ದೀರ್ಘಕಾಲದ ಕೌಟುಂಬಿಕ ಹಿಂಸೆಯ ನಂತರ ಉಳಿಯುವ ಬೆಚ್ಚುವಿಕೆ, ಸಿಟ್ಟು ಅಥವಾ ಮರಗಟ್ಟುವಿಕೆ, ತನ್ನ ಬಗ್ಗೆಯೇ ಕೀಳರಿಮೆ, ಹತ್ತಿರದವರಿಂದ ದೂರ ಸರಿಯುವುದು ಇವನ್ನೆಲ್ಲ ಒಟ್ಟಾಗಿ ನೋಡಿ, 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಸಂಕೀರ್ಣ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಪ್ರತ್ಯೇಕ ಹೆಸರು ಕೊಟ್ಟಿದೆ. ಕೆಲವರಲ್ಲಿ ಅದಿರುತ್ತದೆ, ಕೆಲವರಲ್ಲಿ ಆತಂಕ ಅಥವಾ ಖಿನ್ನತೆ, ಇನ್ನು ಕೆಲವರಲ್ಲಿ ಕಾಯಿಲೆಯೆನ್ನುವಷ್ಟೇನೂ ಇಲ್ಲದೆ ಕೆಲವು ಅಭ್ಯಾಸಗಳು ಮಾತ್ರ. ಹೆಚ್ಚು ಆಧಾರವಿರುವ ಚಿಕಿತ್ಸೆ ಮಾತಿನದು: ಆಘಾತದ ನೆನಪನ್ನೇ ಕೇಂದ್ರವಾಗಿಟ್ಟುಕೊಂಡು ಯೋಚನೆ, ನಡವಳಿಕೆಗಳನ್ನು ತಿದ್ದುವ ಕ್ರಮ, ಮತ್ತು ಚಿಕಿತ್ಸಕರ ಬೆರಳ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತ ನೆನಪನ್ನು ಎದುರಿಸುವ ಇಎಂಡಿಆರ್ ಎಂಬ ಕ್ರಮ. ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಬೇಕಾಗುತ್ತದೆ. ಆರಂಭದ ವಾರಗಳಲ್ಲಿ ಕೆಟ್ಟ ಕನಸು, ಕಿರಿಕಿರಿ ಹೆಚ್ಚಾಗಬಹುದು. ಮೊದಲೇ ತಿಳಿದಿರದಿದ್ದರೆ ಜನ ಇದೇ ಹಂತದಲ್ಲಿ ಬಿಟ್ಟುಬಿಡುತ್ತಾರೆ. ಹಾಗಾಗಿ ನೆನಪುಗಳನ್ನು ಕೆದಕುವ ಭಾಗವನ್ನು ಬೇಸಿಗೆ ರಜೆಗೆ ಹೊಂದಿಸಿಕೊಂಡು, ಉಸಿರಾಟ, ನಿದ್ರೆ, ಸಿಟ್ಟಿನ ನಿರ್ವಹಣೆಯ ಭಾಗವನ್ನು ಈಗಲೇ ಶುರುಮಾಡುವುದು ನಿಮಗೆ ಸರಿಹೋಗುತ್ತದೆ. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳಿ ಮುಗಿಸುವ ಒತ್ತಡ ನಿಮ್ಮ ಮೇಲಿಲ್ಲ. ಹೇಳಿಸಲು ಅವಸರಪಡುವ ಚಿಕಿತ್ಸಕರು ಸಿಕ್ಕರೆ ಬೇರೆಯವರನ್ನು ನೋಡಿ.

ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ನಿದ್ರೆ ಕೆಟ್ಟು, ಆತಂಕ ಕೆಲಸಕ್ಕೆ ಅಡ್ಡಬರುತ್ತಿದ್ದರೆ ಸರ್ಟ್ರಾಲಿನ್‌ನಂಥ ಮಾತ್ರೆ ನೆರವಾಗುತ್ತದೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ, ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದು ಆಗಬಹುದು, ಸಂಕೋಚಪಡದೆ ವೈದ್ಯರಿಗೆ ಹೇಳಿ. ಇವು ಚಟ ಹತ್ತಿಸುವುದಿಲ್ಲ, ಆದರೆ ತಾನಾಗಿ ಒಮ್ಮೆಲೇ ನಿಲ್ಲಿಸಬಾರದು. ಬಹಳ ಜನರಲ್ಲಿ ಗುಣ ಕಂಡ ಮೇಲೆ ಆರು ತಿಂಗಳಿಂದ ವರ್ಷ ಮುಂದುವರಿಸಿ ನಿಧಾನವಾಗಿ ಇಳಿಸಬಹುದು. ಜೀವನಪೂರ್ತಿ ಎಂಬ ಭಯ ಬೇಡ. ನಾನು ಎಚ್ಚರಿಸಬೇಕಾದ್ದು ಅಲ್ಪ್ರಜೋಲಾಂ, ಕ್ಲೋನಜೆಪಾಂ ಗುಂಪಿನ ನಿದ್ರೆಯ ಮಾತ್ರೆಗಳ ಬಗ್ಗೆ. ಒಂದು ಹಳೆಯ ಚೀಟಿ ತೋರಿಸಿ ಔಷಧದಂಗಡಿಯಲ್ಲಿ ವರ್ಷಗಟ್ಟಲೆ ಕೊಳ್ಳುವವರನ್ನು ವಾರವಾರವೂ ನೋಡುತ್ತೇನೆ. ಅವು ಆ ರಾತ್ರಿಗೆ ಹಿತ. ಆಘಾತದ ಮೂಲ ತೊಂದರೆಯನ್ನು ಗುಣಪಡಿಸುವುದಿಲ್ಲ, ಚಟವಾಗುತ್ತವೆ, ಕುಡಿತದ ಜೊತೆ ಸೇರಿದರೆ ಉಸಿರಿಗೇ ಅಪಾಯ.

ಆಸ್ಪತ್ರೆಗೆ ಹೋಗುವಾಗ ಇಸಿಜಿ, ಎಕೋ, ಎಂಡೋಸ್ಕೋಪಿ ವರದಿಗಳನ್ನೂ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ‘ಎದೆ ಡವಡವ, ಗ್ಯಾಸ್ಟ್ರಿಕ್’ ಎಂದು ಶುರುಮಾಡಿದರೆ ದಟ್ಟಣೆಯ ಹೊರರೋಗಿ ವಿಭಾಗದಲ್ಲಿ ಮತ್ತೆ ಅದೇ ಮಾತ್ರೆ ಕೈಗೆ ಬರಬಹುದು. ‘ಚಿಕ್ಕಂದಿನಲ್ಲಿ ಮನೆಯಲ್ಲಿ ಹೊಡೆತ ನೋಡಿ ಬೆಳೆದೆ, ಈಗ ಸದ್ದಿಗೆ ಬೆಚ್ಚುತ್ತೇನೆ, ಮಗಳ ಮೇಲೆ ಕೈ ಎತ್ತುವ ಹಂತಕ್ಕೆ ಬಂದಿದ್ದೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಹೇಳಲು ಬಾಯಿ ಬರದಿದ್ದರೆ ನನಗೆ ಬರೆದ ಈ ಪತ್ರವನ್ನೇ ವೈದ್ಯರ ಕೈಗೆ ಕೊಡಿ, ಎಲ್ಲವೂ ಅದರಲ್ಲಿದೆ. ಹೆಂಡತಿ ಜೊತೆಗೆ ಬರಲಿ. ವೈದ್ಯರು ಅವರೊಂದಿಗೆ ಸ್ವಲ್ಪ ಹೊತ್ತು ನಿಮ್ಮ ಅನುಪಸ್ಥಿತಿಯಲ್ಲಿ ಮಾತನಾಡುತ್ತೇನೆಂದರೆ ಒಪ್ಪಿಕೊಳ್ಳಿ. ಮನೆಯಲ್ಲಿ ನಿಮ್ಮ ಮೌನ ಹೇಗಿರುತ್ತದೆಂದು ನಿಖರವಾಗಿ ಹೇಳಬಲ್ಲವರು ಅವರೊಬ್ಬರೇ.